‘ಅ ಕಪೆಲ್ಲಾ’ಗೆ ‘ಬರಿಗೊರಳ ಹಾಡು’ ಒಗ್ಗುತ್ತದೆಯೇ?

ಗೆಳೆಯರೇ,

ಅಮೆರಿಕದಲ್ಲಿ ಓದುತ್ತಿರುವ ಅಕ್ಕನ ಮಗಳು ತನ್ನ ಕಾಲೇಜಿನ ಅ ಕಪೆಲ್ಲಾ ತಂಡ ಸೇರಿದ್ದಾಳೆ. ಹತ್ತು ಹದಿನೈದು ಜನ ವಾದ್ಯವಿಲ್ಲದೆ ಹಾಡುತ್ತಾರೆ ಅಂತ ಅಮ್ಮನಿಗೆ ಹೇಳಿದೆ. “ತಂಬೂರಿಯೂ ಇಲ್ವಾ? ಮತ್ತೆ ಶ್ರುತಿ?” ಅಂದರು. ಪುಟ್ಟ ಪಿಚ್ ಪೈಪ್ ಊದಿ ಸ್ವರ ಹಿಡಿಯುತ್ತಾರೆ, ಆಮೇಲೆ ಅದೂ ಜೇಬಿಗೆ ಹೋಗುತ್ತದೆ ಎಂದೆ. ಕನ್ನಡದಲ್ಲಿ ಇದಕ್ಕೇನಂತಾರೆ ಎಂದು ಕೇಳಿದಾಗ ಮಾತ್ರ ತಡವರಿಸಿದೆ.

ಇಟಾಲಿಯನ್ನಿನಲ್ಲಿ ‘ಅ ಕಪೆಲ್ಲಾ’ ಅಂದರೆ ‘ಪ್ರಾರ್ಥನಾ ಮಂದಿರದ ರೀತಿಯಲ್ಲಿ’. ಮೊದಲಿನ ‘ಅ’ ನಮ್ಮ ‘ಅಶಾಂತಿ’ಯ ‘ಅ’ ಅಲ್ಲ. ‘ಇಲ್ಲ’ ಎಂಬುದು ಆ ಪದದಲ್ಲೇ ಇಲ್ಲ. ಈ ಬಗೆಯ ಹಾಡಿಕೆ ಕಾಲೇಜಿಗೆ ಬರುವಷ್ಟರಲ್ಲಿ ಮಂದಿರವೂ ಹಿಂದೆ ಉಳಿಯಿತು. ಯೇಲ್ ವಿಶ್ವವಿದ್ಯಾಲಯದಲ್ಲಿ 1909ರಲ್ಲಿ ಹುಟ್ಟಿದ ವಿಫೆನ್‌ಪೂಫ್ಸ್ ತಂಡಕ್ಕೆ ಸೋಮವಾರ ರಾತ್ರಿ ಮೋರೀಸ್ ಎಂಬ ಕ್ಲಬ್ಬಿನಲ್ಲಿ, ಊಟದ ಮೇಜುಗಳ ನಡುವೆ ಹಾಡುವುದೇ ರೂಢಿ. ಸ್ಮಿತ್ ಕಾಲೇಜಿನ ಹುಡುಗಿಯರು 1936ರಲ್ಲೇ ಸ್ಮಿಫೆನ್‌ಪೂಫ್ಸ್ ಕಟ್ಟಿಕೊಂಡರು. ಯೇಲ್ ತಂಡಕ್ಕೆ ಮೊದಲ ಹೆಣ್ಣುಮಗಳು ಸೇರಿದ್ದು 2018ರಲ್ಲಿ!

‘ವಾದ್ಯರಹಿತ ಗಾಯನ’ ಎಂಬ ಪದ ನನಗೆ ಸಾಲದು. ಇಲ್ಲದ್ದನ್ನು ಹೇಳುತ್ತದೆ, ಇರುವುದನ್ನು ಹೇಳುವುದಿಲ್ಲ. ಈ ತಂಡಗಳಲ್ಲಿ ಒಬ್ಬರು ಮುಂದೆ ನಿಂತು ಹಾಡುತ್ತಾರೆ. ಉಳಿದವರು ‘ಡುಮ್’, ‘ಜೆನ್’ ಅನ್ನುತ್ತಾ ಗಿಟಾರು, ಬೇಸ್ ಎಲ್ಲವನ್ನೂ ಗಂಟಲಲ್ಲೇ ನುಡಿಸುತ್ತಾರೆ. ಡ್ರಮ್ಮೂ ಬಾಯಲ್ಲೇ. ಅದನ್ನು ಕರ್ನಾಟಕ ಸಂಗೀತದ ಕೊನ್ನಕೋಲು ಅನ್ನುವುದು ಸರಿಯಾಗಲಾರದು. ಕೊನ್ನಕೋಲಿನಲ್ಲಿ ಲಯದ ಸೊಲ್ಲುಗಳನ್ನು ಹೇಳುತ್ತೇವೆ, ಇಲ್ಲಿ ಡ್ರಮ್ಮಿನ ಸದ್ದನ್ನೇ ಹೊರಡಿಸುತ್ತಾರೆ. ‘ಬಾಯಿತಾಳ’ ಅನ್ನಬಹುದು, ಅಲ್ವಾ?

ಬರಿಗೈ, ಬರಿಗಾಲು, ಬರಿಗಣ್ಣು ಇರುವಾಗ ‘ಬರಿಗೊರಳ ಹಾಡು’ ಯಾಕಾಗಬಾರದು? ಕೊರಳು ಅಂದರೆ ದನಿಯೂ ಹೌದು. ಬರಿಗೈಯಲ್ಲಿ ಕೆಲಸ ಮಾಡಿದ ಹಾಗೆ ಬರಿಗೊರಳಲ್ಲಿ ಹಾಡುವುದು. ಈ ಪದ ನನಗೆ ತುಂಬಾ ಹಿಡಿಸಿತು. ಆದರೆ ಅಮ್ಮನಿಗೆ ಹೇಳಿದ ಕೂಡಲೇ ಮುಖ ಸಣ್ಣದಾಯಿತು. ಅವರ ಕಿವಿಗೆ ಅದು ತಾಳಿಯಿಲ್ಲದ ಕೊರಳು. ಆ ನೋವು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ‘ಬರಿದನಿ’ ಅಂದರೆ ಆ ತೊಡಕಿಲ್ಲ, ಆದರೆ ಕೊರಳಿನ ಬಿಸಿಯೂ ಇಲ್ಲ.

ನಿಮಗೂ ‘ಬರಿಗೊರಳು’ ಹಾಗೆಯೇ ಕೇಳಿಸುತ್ತದೆಯೇ? ಬೀಸುವಾಗ, ನಾಟಿ ಹಾಕುವಾಗ ವಾದ್ಯವಿಲ್ಲದೆ ಹಾಡುವುದಕ್ಕೆ ನಿಮ್ಮ ಕಡೆ ಬೇರೆ ಮಾತೇನಾದರೂ ಇದ್ದರೆ ದಯವಿಟ್ಟು ತಿಳಿಸಿ.