ಒಂದೂವರೆ ವರ್ಷದ ಮಗಳಿಗೆ ವಾಂತಿ-ಭೇದಿ, ಮೈಯಲ್ಲಿ ನೀರು ಕಮ್ಮಿಯಾಗಿದೆ ಅಂತ ಹೇಗೆ ತಿಳಿಯೋದು?

ಶಿಡ್ಲಘಟ್ಟದ ಅಮ್ಮ: ರಾತ್ರಿಯಿಂದ ವಾಂತಿ, ಬೆಳಗ್ಗೆಯಿಂದ ನೀರು ನೀರಾಗಿ ಭೇದಿ. ಮೈ ಸ್ವಲ್ಪ ಬಿಸಿ. ಹಲ್ಲು ಬರುತ್ತಿದೆ, ಅದಕ್ಕೇ ಅಂತ ನಮ್ಮತ್ತೆ ಹೇಳುತ್ತಾರೆ. ನೀರು ಕೊಟ್ಟರೆ ಭೇದಿ ಇನ್ನೂ ಜಾಸ್ತಿ ಅಂತಾರೆ ಪಕ್ಕದ ಮನೆಯವರು. ಡಯಾಪರ್ ಹಾಕಿದ್ದೇನೆ, ಉಚ್ಚೆ ಹೊಯ್ದಳಾ ಇಲ್ವಾ ಅಂತಲೂ ಗೊತ್ತಾಗುತ್ತಿಲ್ಲ. ಯಾವಾಗ ಆಸ್ಪತ್ರೆಗೆ ಹೋಗಬೇಕು?

ಗೌರಿಬಿದನೂರು ನರ್ಸ್: ಮೊದಲು ಡಯಾಪರ್ ಬಿಚ್ಚಿ, ಕಾಟನ್ ಬಟ್ಟೆ ಕಟ್ಟಿ. ಎಷ್ಟು ಸಲ ಭೇದಿ ಆಯ್ತು ಅನ್ನೋದಕ್ಕಿಂತ ಉಚ್ಚೆ ಆಗುತ್ತಿದೆಯಾ, ಮಗು ಚುರುಕಾಗಿದೆಯಾ ಅನ್ನೋದು ಮುಖ್ಯ. 6 ಗಂಟೆ ಉಚ್ಚೆ ಇಲ್ಲ ಅಂದರೆ ಕಾಯಬೇಡಿ. ಅಳುವಾಗ ಕಣ್ಣೀರು ಬರುತ್ತಾ, ನಾಲಿಗೆ ಒಣಗಿದೆಯಾ, ಕಣ್ಣು ಗುಳಿ ಬಿದ್ದಿದೆಯಾ ನೋಡಿ. ಹೊಕ್ಕುಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಡಿ, ತಕ್ಷಣ ಸಮ ಆಗಬೇಕು, ಮಡಿಕೆ ಹಾಗೇ ನಿಂತು ನಿಧಾನಕ್ಕೆ ಇಳಿದರೆ ನೀರು ಕಮ್ಮಿಯಾಗಿದೆ ಅಂತಲೇ ಅರ್ಥ. ನೆತ್ತಿಯ ಮೆತ್ತನೆ ಜಾಗ ಗುಳಿ ಬಿದ್ದಿದೆಯಾ ಅಂತ ನೋಡಿ ಹೇಳೋದು ಎಳೆ ಕೂಸಿಗೆ ಸರಿ, ಈ ವಯಸ್ಸಿಗೆ ಎಷ್ಟೋ ಮಕ್ಕಳಿಗೆ ಅದು ಮುಚ್ಚಿರುತ್ತೆ.

ಚಿಂತಾಮಣಿ ಆಶಾ ಕಾರ್ಯಕರ್ತೆ: ಅಕ್ಕ, ನೀರು ನಿಲ್ಲಿಸಲೇಬೇಡಿ! ಓಆರ್‌ಎಸ್ (ನೀರಲ್ಲಿ ಕಲಸಿ ಕುಡಿಸೋ ಉಪ್ಪು-ಸಕ್ಕರೆ ಪುಡಿ) ದೊಡ್ಡ ಪ್ಯಾಕೆಟ್ ಪೂರ್ತಿ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಿ. ಒಂದು ಲೋಟಕ್ಕೆ ಅಂದಾಜಿಗೆ ಚೂರು ಸುರಿದರೆ ಉಪ್ಪಿನ ಅಳತೆ ತಪ್ಪುತ್ತೆ. ಪ್ರತಿ ಭೇದಿ ಆದಮೇಲೆ 50ರಿಂದ 100 ಎಂಎಲ್ ಕೊಡಿ. ವಾಂತಿ ಮಾಡಿದರೆ 10 ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಶುರು ಮಾಡಿ. ಕಲಸಿದ್ದು 24 ಗಂಟೆ ಆದಮೇಲೆ ಚೆಲ್ಲಿಬಿಡಿ. ಅಂಗಡಿಯ ಸಿಹಿ ಜ್ಯೂಸ್ ಪ್ಯಾಕ್ ಬೇಡ, ಅದರ ಸಕ್ಕರೆಗೆ ಭೇದಿ ಹೆಚ್ಚುತ್ತೆ. ಎದೆಹಾಲು, ಗಂಜಿ, ಮೊಸರನ್ನ ನಿಲ್ಲಿಸಬೇಡಿ. ಜಿಂಕ್ ಮಾತ್ರೆ 20 ಎಂಜಿ, ಭೇದಿ ನಿಂತರೂ 14 ದಿನ ಕೊಡಬೇಕು. ಓಆರ್‌ಎಸ್, ಜಿಂಕ್ ಎರಡೂ ಪಿಎಚ್‌ಸಿಯಲ್ಲಿ (ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ) ಉಚಿತ, ನಿಮ್ಮ ಊರಿನ ಆಶಾ ಕಾರ್ಯಕರ್ತೆ ಹತ್ತಿರವೂ ಸಿಗುತ್ತೆ.

ಮಾಲೂರು ಅಪ್ಪ: ಹಲ್ಲು ಬಂದರೆ ಹೀಗೆ ನೀರು ಭೇದಿ ಆಗಲ್ಲ. ಹಲ್ಲು ಬರೋ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತೆ, ಸೋಂಕು ಹಾಗೆ ಸೇರಿಕೊಳ್ಳುತ್ತೆ. ದೊಡ್ಡವರಿಗೆ ಕೊಡೋ ಭೇದಿ ನಿಲ್ಲಿಸುವ ಮಾತ್ರೆ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ, ಚಿಕ್ಕ ಮಕ್ಕಳಿಗೆ ಅದು ಅಪಾಯ.

ಗೌರಿಬಿದನೂರು ನರ್ಸ್: ಇನ್ನೊಂದು ಮಾತು. ಭೇದಿಯಲ್ಲಿ ರಕ್ತ, ಹಸಿರು ವಾಂತಿ, ಕುಡಿದದ್ದೆಲ್ಲ ಕಕ್ಕೋದು, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಸೀದಾ ಆಸ್ಪತ್ರೆ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಶಿಡ್ಲಘಟ್ಟದ ಅಮ್ಮ: ಬಟ್ಟೆ ಕಟ್ಟಿ ಕಾದೆ, ಒಣಗಿಯೇ ಇದೆ. ಅಳುತ್ತಾಳೆ, ಕಣ್ಣೀರಿಲ್ಲ. ಹೊರಡುತ್ತಿದ್ದೇವೆ.

ಚಿಂತಾಮಣಿ ಆಶಾ: ಎಚ್ಚರವಾಗಿದ್ದು ನುಂಗುತ್ತಿದ್ದರೆ ಆಟೋದಲ್ಲೂ ಚಮಚದಲ್ಲಿ ಓಆರ್‌ಎಸ್ ಕೊಡುತ್ತಾ ಹೋಗಿ ಅಕ್ಕ. ಕೊನೇ ಸಲ ಉಚ್ಚೆ ಹೊಯ್ದದ್ದು ಯಾವಾಗ ಅಂತ ಡಾಕ್ಟರಿಗೆ ಮೊದಲೇ ಹೇಳಿ.