ವರ್ಷದ ಅತ್ಯುತ್ತಮ ರಾಜಕಾರಣಿ: ಯಾವ ಸೇರಿನಲ್ಲಿ ಅಳೆಯುವುದು?

ಪ್ರಶ್ನೆ | ನಿವೃತ್ತ ಮೇಷ್ಟ್ರು, ಮಂಡ್ಯ

ಮಾನ್ಯರೇ, ನಮ್ಮ ಬಡಾವಣೆಯ ವಾಚನಾಲಯದಲ್ಲಿ ಭಾನುವಾರ ಬೆಳಗ್ಗೆ ಸೇರುವ ಹದಿನೈದು ಇಪ್ಪತ್ತು ಮಂದಿ ಈ ಬಾರಿ ಒಂದು ತೊಡಕನ್ನು ಮೈಮೇಲೆ ಎಳೆದುಕೊಂಡಿದ್ದೇವೆ. ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ಜನಪ್ರತಿನಿಧಿಗಳಲ್ಲಿ ಒಬ್ಬರನ್ನು ವರ್ಷದ ಅತ್ಯುತ್ತಮ ರಾಜಕಾರಣಿ ಎಂದು ಆರಿಸಿ, ಆರಿಸಿದ್ದಕ್ಕೆ ಕಾರಣಗಳನ್ನು ಬರೆದು ವಾಚನಾಲಯದ ಗೋಡೆಗೆ ಅಂಟಿಸಬೇಕೆಂದು ಮಾತಾಯಿತು. ಮಂಡ್ಯದ ಏಳು ಮತ್ತು ಮೈಸೂರಿನ ಹನ್ನೊಂದು ವಿಧಾನಸಭಾ ಕ್ಷೇತ್ರಗಳೇ ನಮ್ಮ ಕಣ.

ಎರಡು ಭಾನುವಾರ ಕಳೆದರೂ ಹೆಸರಿನ ತನಕ ಹೋಗಲೇ ಇಲ್ಲ, ಅಳತೆಯಲ್ಲೇ ನಿಂತೆವು. ಕ್ಷೇತ್ರಕ್ಕೆ ಹೆಚ್ಚು ಅನುದಾನ ತಂದವರೇ ದೊಡ್ಡವರು ಎಂದು ಅರ್ಧ ಜನ ಹೇಳಿದರೆ, ಅನುದಾನ ಅವರ ಮನೆಯ ಹಣವಲ್ಲ, ಸದನದಲ್ಲಿ ಏನು ಮಾತನಾಡಿದರು ಎಂಬುದನ್ನು ನೋಡಬೇಕು ಎಂದು ಉಳಿದರ್ಧ ವಾದಿಸಿತು. ಒಬ್ಬರಂತೂ ಮದುವೆ, ತಿಥಿ, ಬೀಗರೂಟಗಳಿಗೆ ತಪ್ಪದೆ ಬಂದವರನ್ನು ಪರಿಗಣಿಸಬೇಕೆಂದರು. ನಾವು ನಕ್ಕೆವು, ಆದರೆ ನಮ್ಮ ಜಿಲ್ಲೆಯಲ್ಲಿ ಮತ ಬೀಳುವುದು ಬಹುಮಟ್ಟಿಗೆ ಆ ಅಳತೆಯಲ್ಲೇ ಎಂಬುದನ್ನು ನಕ್ಕವರೂ ಬಲ್ಲರು. ಒಂದು ವರ್ಷದ ಕೆಲಸವನ್ನು ನ್ಯಾಯವಾಗಿ ತೂಗುವ ಬಗೆ ಯಾವುದು? ಪಕ್ಷ, ಜಾತಿಗಳ ಜಗಳಕ್ಕೆ ಇಳಿಯದೆ ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ 1 | ಕಡತ, ಕುವೆಂಪುನಗರ, ಮೈಸೂರು

ಮೇಷ್ಟ್ರೇ, ಶಾಸಕಾಂಗದ ಕಡತಗಳ ನಡುವೆ ಹಲವು ವರ್ಷ ಕಳೆದವನಾದ್ದರಿಂದ ಸದನದ ಬಗ್ಗೆ ಎರಡು ಮಾತು ಹೇಳಬಲ್ಲೆ. ಇಂಥ ಆಯ್ಕೆ ಹೊಸದೇನಲ್ಲ. ಭಾರತೀಯ ಸಂಸದೀಯ ಗುಂಪು ನೀಡುವ ಅತ್ಯುತ್ತಮ ಸಂಸದೀಯ ಪಟು ಪ್ರಶಸ್ತಿಯು 1992ರ ಸಾಲಿಗೆ ಇಂದ್ರಜಿತ್ ಗುಪ್ತ ಅವರಿಗೂ 1994ರ ಸಾಲಿಗೆ ಅಟಲ್ ಬಿಹಾರಿ ವಾಜಪೇಯಿ ಅವರಿಗೂ ಸಂದಿತು. ಒಬ್ಬರು ಕಮ್ಯುನಿಸ್ಟರು, ಇನ್ನೊಬ್ಬರು ಭಾಜಪದವರು. ಆಗ ಅಧಿಕಾರದಲ್ಲಿದ್ದದ್ದು ಕಾಂಗ್ರೆಸ್. ನಮ್ಮ ವಿಧಾನಸಭೆಯೂ 2021ರಲ್ಲಿ ಅತ್ಯುತ್ತಮ ಶಾಸಕ ಪ್ರಶಸ್ತಿಯನ್ನು ಬಿ.ಎಸ್. ಯಡಿಯೂರಪ್ಪನವರಿಗೆ ನೀಡಿತು. ಅವರು ಹುಟ್ಟಿದ ಬೂಕನಕೆರೆ ನಿಮ್ಮ ಜಿಲ್ಲೆಯದೇ.

ಸದನದ ಕೆಲಸವನ್ನು ಅಳೆಯುವವರು ಸಾಮಾನ್ಯವಾಗಿ ಪ್ರಶ್ನೆಗಳ ಸಂಖ್ಯೆಯನ್ನೂ ಹಾಜರಾತಿಯನ್ನೂ ಎಣಿಸುತ್ತಾರೆ. ಎರಡೂ ದಾರಿ ತಪ್ಪಿಸಬಲ್ಲವು. ಸಚಿವರಾದವರು ಪ್ರಶ್ನೆ ಕೇಳುವವರಲ್ಲ, ಉತ್ತರ ಕೊಡುವವರು. ಹಾಗಾಗಿ ಸಚಿವರನ್ನೂ ಹಿಂದಿನ ಸಾಲಿನ ಶಾಸಕರನ್ನೂ ಒಂದೇ ಪಟ್ಟಿಯಲ್ಲಿ ಇಟ್ಟು ಎಣಿಸಲು ಬರುವುದಿಲ್ಲ. ಮತ ಹಾಕಿದ ದಾಖಲೆಯೂ ವ್ಯಕ್ತಿಯ ಬಗ್ಗೆ ಹೆಚ್ಚೇನನ್ನೂ ಹೇಳದು, ಏಕೆಂದರೆ 1985ರ ಪಕ್ಷಾಂತರ ನಿಷೇಧ ತಿದ್ದುಪಡಿಯ ನಂತರ ವಿಪ್, ಅಂದರೆ ಪಕ್ಷದ ಆದೇಶ, ಮೀರಿ ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬೇಕಾದೀತು. ಇನ್ನು ಹಾಜರಾತಿಯ ಮಾತು: ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ನಮ್ಮ ರಾಜ್ಯವೇ ಕಾನೂನು ಮಾಡಿಕೊಂಡಿದ್ದರೂ ಬಹುತೇಕ ವರ್ಷಗಳಲ್ಲಿ ಸದನ ಅಷ್ಟು ದಿನ ಸೇರಿಲ್ಲ. ಬಾಗಿಲೇ ತೆರೆಯದ ಅಂಗಡಿಗೆ ದಿನವೂ ಬಂದರೆಂದು ಹೊಗಳುವುದು ಹೇಗೆ?

ನನ್ನ ಸಲಹೆ ಇಷ್ಟೇ. ಪ್ರಶ್ನೆಗಳನ್ನು ಎಣಿಸಬೇಡಿ, ಒಂದು ಪ್ರಶ್ನೆಯ ಬೆನ್ನು ಹತ್ತಿ. ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆ ಕೇಳಿ, ಸಚಿವರು 'ಪರಿಶೀಲಿಸಲಾಗುವುದು' ಎಂದಾಗ ಉಪಪ್ರಶ್ನೆ ಎತ್ತಿ, ಮುಂದಿನ ಅಧಿವೇಶನದಲ್ಲಿ ಅದೇ ವಿಷಯಕ್ಕೆ ಗಮನ ಸೆಳೆಯುವ ಸೂಚನೆ ಕೊಟ್ಟು, ಆ ಉತ್ತರವನ್ನು ಸರ್ಕಾರಿ ಭರವಸೆಗಳ ಸಮಿತಿಯವರೆಗೆ ಕೊಂಡೊಯ್ದ ಶಾಸಕರು ಬಹಳ ಕಡಿಮೆ. ಅಂಥವರು ಯಾರೆಂಬುದನ್ನು ಸದನದ ನಡಾವಳಿಯಲ್ಲಿ ಹುಡುಕಬೇಕು, ದೂರದರ್ಶನದ ತುಣುಕುಗಳಲ್ಲಿ ಅಲ್ಲ.

ಉತ್ತರ 2 | ನಾಲೆಯ ಕೊನೆ, ಮಳವಳ್ಳಿ ಕಡೆಯವನು

ಮೇಲಿನವರ ಮಾತನ್ನು ಗೌರವದಿಂದ ಓದಿದೆ. ಆದರೆ ನಡಾವಳಿಯ ಪುಟಗಳಲ್ಲಿ ನೀರು ಹರಿಯುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ಜಮೀನು ಇರುವವನಿಗೆ ಅತ್ಯುತ್ತಮ ರಾಜಕಾರಣಿ ಎಂದರೆ, ಕಟ್ಟು ಪದ್ಧತಿಯಲ್ಲಿ, ಅಂದರೆ ಸರದಿಯಂತೆ, ನೀರು ಬಿಟ್ಟ ದಿನ ಮೇಲಿನ ತೂಬುಗಳವರ ಒತ್ತಡಕ್ಕೆ ಮಣಿಯದೆ ನಮ್ಮ ಗದ್ದೆಯ ಸರದಿಯನ್ನು ಉಳಿಸಿಕೊಟ್ಟವರು. ಅದು ಯಾವ ದಾಖಲೆಯಲ್ಲೂ ಸಿಗದು.

ಅನುದಾನದ ವಾದಕ್ಕೂ ನನ್ನ ಒಪ್ಪಿಗೆಯಿಲ್ಲ. ನಮ್ಮೂರಿನ ರಸ್ತೆಯೊಂದಕ್ಕೆ ನಾನು ಕಂಡಂತೆ ಮೂರು ಬಾರಿ ಗುದ್ದಲಿ ಪೂಜೆಯಾಗಿದೆ. ಪ್ರತಿ ಬಾರಿಯೂ ತೆಂಗಿನಕಾಯಿ ಒಡೆದವರು ಬೇರೆ, ಗುಂಡಿ ಮಾತ್ರ ಅದೇ. ಶಾಸಕರ ಕೆಲಸವನ್ನು ನೋಡಬೇಕಾದರೆ ಅವರೇ ಅಧ್ಯಕ್ಷರಾಗಿ ಕೂರುವ ಜಾಗಗಳನ್ನು ನೋಡಿ. ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮಗೊಳಿಸುವ ತಾಲ್ಲೂಕಿನ ಬಗರ್ ಹುಕುಂ ಸಮಿತಿ ವರ್ಷದಲ್ಲಿ ಎಷ್ಟು ಸಲ ಸೇರಿತು, ಎಷ್ಟು ಅರ್ಜಿ ಇತ್ಯರ್ಥವಾಯಿತು, ಆದವರಲ್ಲಿ ನಿಜವಾದ ಸಾಗುವಳಿದಾರರು ಎಷ್ಟು ಮಂದಿ, ಮನೆಗೆ ಓಡಾಡುವ ಹಿಂಬಾಲಕರು ಎಷ್ಟು ಮಂದಿ? ಅಭಿವೃದ್ಧಿ ಕೆಲಸಗಳ ಪ್ರಗತಿ ನೋಡುವ ತ್ರೈಮಾಸಿಕ ಕೆಡಿಪಿ ಸಭೆಯಲ್ಲಿ ಹಿಂದಿನ ಸಭೆಯ ತೀರ್ಮಾನಗಳನ್ನು ಓದಿಸಿ ಲೆಕ್ಕ ಕೇಳಿದರೋ, ಅಧಿಕಾರಿಗಳನ್ನು ಗದರಿಸಿ ಚಪ್ಪಾಳೆ ಗಿಟ್ಟಿಸಿ ಎದ್ದುಹೋದರೋ? ಇವೆಲ್ಲ ಮಾಹಿತಿ ಹಕ್ಕಿನ ಒಂದು ಅರ್ಜಿಗೆ ಸಿಗುವ ಸಂಗತಿಗಳು.

ಇನ್ನೊಂದು ಮಾತು. ರಾಜಕಾರಣಿ ಎಂದರೆ ಗೆದ್ದವರು ಮಾತ್ರವೇ? ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ ಗೆದ್ದರು, ಮತ್ತೆ ಗೆದ್ದದ್ದು 2013ರಲ್ಲಿ, ಮೇಲುಕೋಟೆಯಿಂದ. ನಡುವಿನ ವರ್ಷಗಳಲ್ಲಿ ಅವರು ರೈತ ಸಂಘದ ಹಸಿರು ಶಾಲು ಹೊದ್ದು ಬೀದಿಯಲ್ಲಿದ್ದರು. ಆ ವರ್ಷಗಳು ನಿಮ್ಮ ಪಟ್ಟಿಗೆ ಬರುವುದೇ ಇಲ್ಲವಾದರೆ ಅದು ಕುರ್ಚಿಯ ಪಟ್ಟಿ. ಜಿ. ಮಾದೇಗೌಡರು ಶಾಸಕ, ಸಂಸದ ಎರಡೂ ಆಗಿದ್ದವರು. ಆದರೆ ನಮ್ಮ ಜನ ಅವರನ್ನು ನೆನೆಯುವುದು ಇಳಿವಯಸ್ಸಿನಲ್ಲಿ, ಯಾವ ಅಧಿಕಾರವೂ ಇಲ್ಲದ ಕಾಲದಲ್ಲಿ, ಕಾವೇರಿಗಾಗಿ ಧರಣಿ ಕೂತದ್ದಕ್ಕೆ.

ಉತ್ತರ 3 | ಸರಸ್ವತಿಪುರಂ ವಾಸಿ, ಮೈಸೂರು

ಇಬ್ಬರೂ ಅಳತೆಯ ಬಗ್ಗೆ ಮಾತನಾಡಿದ್ದೀರಿ. ನನ್ನ ತಕರಾರು 'ವರ್ಷ' ಎಂಬ ಪದದ ಮೇಲೆ.

ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರನ್ನೇ ತೆಗೆದುಕೊಳ್ಳಿ. ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಆ ವರ್ಷದ ಕೊನೆಗೆ ನಿಮ್ಮಂಥ ಒಂದು ವಾಚನಾಲಯ ಸಭೆ ಸೇರಿದ್ದರೆ ಅವರ ಕಣ್ಣಿಗೆ ಕಾಣುತ್ತಿದ್ದದ್ದು ಏಳನೇ ನಮೂನೆಯ ಅರ್ಜಿ ಹಿಡಿದು ನಿಂತ ಗೇಣಿದಾರರು, ಸಿಟ್ಟಿಗೆದ್ದ ಭೂಮಾಲೀಕರು ಮತ್ತು ಸರದಿಯಲ್ಲಿ ಕಾದಿದ್ದ ಮೊಕದ್ದಮೆಗಳು. ಭೂ ನ್ಯಾಯಮಂಡಳಿಗಳು ಹಕ್ಕು ನಿರ್ಧರಿಸಿ ಉಳುವವನ ಹೆಸರಿಗೆ ಪಹಣಿ ಬರುವುದಕ್ಕೆ ವರ್ಷಗಳೇ ಹಿಡಿದವು. ಹಿಂದುಳಿದ ವರ್ಗಗಳ ಕುರಿತ ಹಾವನೂರು ಆಯೋಗವೂ ಹಾಗೆಯೇ: ನೇಮಕ 1972ರಲ್ಲಿ, ವರದಿ 1975ರಲ್ಲಿ. ಅದೇ 1975ರಲ್ಲಿ ತುರ್ತು ಪರಿಸ್ಥಿತಿಯೂ ಬಂತು, ಅರಸರು ಮುಖ್ಯಮಂತ್ರಿಯಾಗಿಯೇ ಮುಂದುವರಿದರು. ಮೊದಲ ಉತ್ತರದಲ್ಲಿ ಹೆಸರಿಸಿದ ವಾಜಪೇಯಿಯವರು ಸೆರೆಯಾದದ್ದೂ ಬೆಂಗಳೂರಿನಲ್ಲೇ. ಒಂದೇ ವರ್ಷದಲ್ಲಿ ಅರಸರೊಬ್ಬರ ಹೆಸರಿಗೇ ಸೇರುವ ಈ ಎರಡು ಸಂಗತಿಗಳನ್ನು, ಹಾವನೂರು ವರದಿಯನ್ನೂ ತುರ್ತು ಪರಿಸ್ಥಿತಿಯನ್ನೂ, ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಡುವ ಧೈರ್ಯ ನಿಮಗಿದ್ದರೆ ಮಾತ್ರ ಆಯ್ಕೆಗೆ ಕೈಹಾಕಿ. ಬರೀ ಒಳ್ಳೆಯದನ್ನು ಹೆಕ್ಕಿ ಬರೆಯುವುದಕ್ಕೆ ಅಭಿನಂದನಾ ಗ್ರಂಥಗಳು ಸಾಕಷ್ಟಿವೆ.

ಯಶಸ್ಸಿನ ಪಾಲು ಯಾರಿಗೆ ಎಂಬ ತೊಡಕೂ ಇದೆ. ಮದ್ದೂರು ತಾಲ್ಲೂಕಿನ ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ 1999ರಿಂದ 2004ರ ಅವಧಿಯಲ್ಲಿ 'ಭೂಮಿ' ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂತು, 2003ರಲ್ಲಿ ಸಹಕಾರಿ ರೈತರಿಗೆ 'ಯಶಸ್ವಿನಿ' ಆರೋಗ್ಯ ಯೋಜನೆ ಬಂತು, ಶಾಲೆಗಳಲ್ಲಿ ಬಿಸಿಯೂಟ ಶುರುವಾಯಿತು. ಬಿಸಿಯೂಟದ ಹಿಂದೆ 2001ರ ಸುಪ್ರೀಂ ಕೋರ್ಟ್ ಆದೇಶವಿತ್ತು, ಭೂಮಿಯ ಹಿಂದೆ ಅಧಿಕಾರಿಗಳ ದುಡಿಮೆಯಿತ್ತು. ಹಾಗೆಂದು ಮುಖ್ಯಮಂತ್ರಿಯ ಪಾಲು ಸೊನ್ನೆಯಾಗುವುದಿಲ್ಲ. ಕೆಳಗಿನವರು ತಂದ ಒಳ್ಳೆಯ ಕಡತವನ್ನು ತಡೆಯದೆ ಅದಕ್ಕೆ ಬೆನ್ನು ಕೊಡುವುದೂ ರಾಜಕಾರಣದ ಕೆಲಸವೇ. ಆದ್ದರಿಂದ ಈ ವರ್ಷ ಆರಂಭವಾದದ್ದನ್ನು ಬಿಡಿ, ಮೂರು ನಾಲ್ಕು ವರ್ಷಗಳ ಹಿಂದೆ ಆರಂಭವಾಗಿ ಈ ವರ್ಷ ಜನರ ಕೈಗೆ ತಲುಪಿದ್ದನ್ನು ಹುಡುಕಿ. ಆರಂಭಿಸಿದವರು ಈಗ ಸೋತಿದ್ದರೂ ಸರಿ.

ಉತ್ತರ 4 | ಮಾಜಿ ಪಂಚಾಯಿತಿ ಸದಸ್ಯೆ, ನಾಗಮಂಗಲ ತಾಲ್ಲೂಕು

ಅಣ್ಣಂದಿರು ಇಷ್ಟು ಹೊತ್ತು ಮಾತನಾಡಿದಿರಿ, ಒಬ್ಬ ಹೆಣ್ಣುಮಗಳ ಹೆಸರೂ ಬರಲಿಲ್ಲ. ಗುಂಡ್ಲುಪೇಟೆ ಮೈಸೂರು ಜಿಲ್ಲೆಗೇ ಸೇರಿದ್ದ ಕಾಲದಲ್ಲಿ ಅಲ್ಲಿಂದ ಗೆದ್ದ ಕೆ.ಎಸ್. ನಾಗರತ್ನಮ್ಮನವರು 1972ರಲ್ಲೇ ವಿಧಾನಸಭೆಯ ಸ್ಪೀಕರ್ ಆದವರು.

ಕಣವನ್ನು ಹದಿನೆಂಟು ಕ್ಷೇತ್ರಗಳಿಗೆ ಏಕೆ ಸೀಮಿತಗೊಳಿಸುತ್ತೀರಿ? ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ, ಊರಿನ ಎಲ್ಲ ದೂರುಗಳೂ ಗ್ರಾಮ ಪಂಚಾಯಿತಿ ಸದಸ್ಯರ ಜಗುಲಿಗೇ ಬಂದು ಬಿದ್ದವು. ನಾನು ಸದಸ್ಯೆಯಾದ ಮೊದಲ ವರ್ಷ ಸಭೆಯ ನೋಟೀಸು ನನ್ನ ಕೈಗೆ ಬಾರದೆ ನಮ್ಮ ಯಜಮಾನರ ಕೈಗೆ ಹೋಗುತ್ತಿತ್ತು. ಎರಡನೆಯ ವರ್ಷ ಪಂಚಾಯಿತಿಯ ಲೆಕ್ಕ ತಪಾಸಣೆ ನಡೆಯುವ ಜಮಾಬಂದಿಯ ದಿನ ಎದ್ದು ನಿಂತು ನಲ್ಲಿ ನೀರಿನ ಖರ್ಚಿನ ಲೆಕ್ಕವನ್ನು ಗಟ್ಟಿಯಾಗಿ ಓದಿಸಿದ ಮೇಲೆ ನೋಟೀಸು ನನ್ನ ಹೆಸರಿಗೇ ಬರತೊಡಗಿತು. ಇಂಥವರು ನಿಮ್ಮ ಎರಡು ಜಿಲ್ಲೆಗಳಲ್ಲಿ ಬೇಕಾದಷ್ಟಿದ್ದಾರೆ. ಆರಿಸಿದವರಿಗೆ ಮೈಸೂರು ಪೇಟ ತೊಡಿಸಿ ಸನ್ಮಾನ ಮಾತ್ರ ಮಾಡಬೇಡಿ. ಪೇಟದ ಚಿತ್ರ ಮರುದಿನವೇ ಫ್ಲೆಕ್ಸ್ ಆಗಿ ವೃತ್ತದಲ್ಲಿ ನಿಲ್ಲುತ್ತದೆ, ಅದರ ಕೆಳಗೆ ನಿಮ್ಮ ವಾಚನಾಲಯದ ಹೆಸರೂ ಇರುತ್ತದೆ.

ಮತ್ತೆ ಪ್ರಶ್ನೆ ಕೇಳಿದವರು | ನಿವೃತ್ತ ಮೇಷ್ಟ್ರು, ಮಂಡ್ಯ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಅಚ್ಚು ಹಾಕಿಸಿ ಕಳೆದ ಭಾನುವಾರ ಓದಿದೆವು. ಸನ್ಮಾನ ಬೇಡವೆಂಬುದಕ್ಕೆ ಎಲ್ಲರೂ ಒಪ್ಪಿದರು. ಸೋತವರನ್ನೂ ಪಂಚಾಯಿತಿ ಸದಸ್ಯರನ್ನೂ ಕಣಕ್ಕೆ ಸೇರಿಸಿದ್ದೇವೆ. ಯೋಗ್ಯರು ಸಿಗದಿದ್ದರೆ 'ಈ ವರ್ಷ ಯಾರೂ ಇಲ್ಲ' ಎಂದು ಬರೆಯುವ ಅವಕಾಶವನ್ನೂ ಇಟ್ಟುಕೊಂಡಿದ್ದೇವೆ. ಬೀಗರೂಟದ ಸ್ನೇಹಿತರಿಗೆ ಮಾತ್ರ ಇನ್ನೂ ಅಸಮಾಧಾನವಿದೆ.

ಮೊದಲಿಗೆ ನಮ್ಮ ಜಿಲ್ಲೆಯ ಏಳು ತಾಲ್ಲೂಕುಗಳ ಬಗರ್ ಹುಕುಂ ಸಮಿತಿ ಸಭೆಗಳ ಮತ್ತು ಕೆಡಿಪಿ ಸಭೆಗಳ ನಡಾವಳಿ ಕೇಳಿ ಮಾಹಿತಿ ಹಕ್ಕಿನ ಅರ್ಜಿಗಳನ್ನು ಬರೆದಾಗಿದೆ, ತಲಾ ಹತ್ತು ರೂಪಾಯಿಯ ಶುಲ್ಕವನ್ನು ನಾವೇ ಚಂದಾ ಎತ್ತಿ ತುಂಬುತ್ತಿದ್ದೇವೆ. ಉತ್ತರಕ್ಕೆ ಮೂವತ್ತು ದಿನಗಳ ಅವಧಿಯಿದೆ. ಸದನದ ನಡಾವಳಿ ಓದುವುದನ್ನು ಕುವೆಂಪುನಗರದ ಮಿತ್ರರು ಒಂದು ಭಾನುವಾರ ಬಂದು ಹೇಳಿಕೊಟ್ಟರೆ ಉಪಕಾರವಾಗುತ್ತದೆ. ಮೈಸೂರಿನಿಂದ ಬೆಳಗಿನ ರೈಲು ಹಿಡಿದರೆ ತಿಂಡಿಯ ಹೊತ್ತಿಗೆ ಇಲ್ಲಿರಬಹುದು.