ಓಟಿಜಿಯಲ್ಲಿ ಸಾಸೇಜ್: ಹೊರಗೆ ಇದ್ದಿಲು, ಒಳಗೆ ಐಸು. ಎಲ್ಲಿ ತಪ್ಪಿದೆ?

ಸರಸ್ವತಿಪುರಂ ತಾತ

ಎಲ್ಲರಿಗೂ ನಮಸ್ಕಾರ. ಒಂದು ಅನಾಹುತ ಮಾಡಿಕೊಂಡಿದ್ದೇನೆ, ದಯವಿಟ್ಟು ನಗಬೇಡಿ.

ರಿಟೈರ್ ಆಗಿ ಮೂರು ವರ್ಷ. ಅಡುಗೆಮನೆಯಲ್ಲಿ ನನಗೆ ಬರುವುದು ಡಿಕಾಕ್ಷನ್ ಇಳಿಸುವುದು, ಮೊಟ್ಟೆ ಬೇಯಿಸುವುದು, ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಎಣಿಸುವುದು. ಮಗಳು ಪುಣೆಗೆ ಹೋಗುವಾಗ ತನ್ನ 19 ಲೀಟರಿನ ಓಟಿಜಿಯನ್ನು, ಅಂದರೆ ಕರೆಂಟಿನ ಪುಟ್ಟ ಓವನ್ನನ್ನು, ಇಲ್ಲೇ ಬಿಟ್ಟಳು. ಒಂದು ವರ್ಷ ಅದರ ಮೇಲೆ ಹಳೇ ಪೇಪರ್ ಪೇರಿಸಿಟ್ಟಿದ್ದೆವು.

ದಸರಾ ರಜೆಗೆ ಮೊಮ್ಮಗ ಬಂದಿದ್ದಾನೆ. ಎಂಟು ವರ್ಷ. ಅರಮನೆಗೆ ಆನೆ ತೋರಿಸಲು ಕರೆದುಕೊಂಡು ಹೋದರೆ ಅಲ್ಲೂ 'ತಾತ, ಸಾಸೇಜ್ ಯಾವಾಗ?' ಎನ್ನುತ್ತಾನೆ. ಪುಣೆಯಲ್ಲಿ ಅವರಮ್ಮ ಓವನ್ನಿನಲ್ಲಿ ಮಾಡಿಕೊಡುತ್ತಾಳಂತೆ. ಇದೇನು ಮಹಾ ಎಂದು ಒಂದು ಪ್ಯಾಕೆಟ್ ಚಿಕನ್ ಸಾಸೇಜ್ ತಂದೆ. ನಮ್ಮ ಮನೆಯವರಿಗೆ ಮಟನ್ ಸಾರು ಇಷ್ಟ, ಆದರೆ ಇದನ್ನು ನೋಡಿ 'ಅದರೊಳಗೆ ಏನು ತುಂಬಿರ್ತಾರೋ, ನನ್ನ ಪಾತ್ರೆ ಮಾತ್ರ ಮುಟ್ಟಬೇಡಿ' ಎಂದು ಟೀವಿ ಮುಂದೆ ಹೋಗಿ ಕೂತರು.

ನಾನು ಮಾಡಿದ್ದು ಇಷ್ಟು. ಫ್ರೀಜರಿನಿಂದ ತೆಗೆದಾಗ ಐದೂ ಒಂದಕ್ಕೊಂದು ಅಂಟಿ ಕಲ್ಲಾಗಿದ್ದವು. ಚಾಕುವಿನ ತುದಿ ಹಾಕಿ ಬಿಡಿಸಿದೆ. ಚುಚ್ಚಬೇಕು ಎಂದು ಎಲ್ಲೋ ಓದಿದ್ದೆ, ಚುಚ್ಚಲು ಹೋದರೆ ಫೋರ್ಕಿನ ಒಂದು ಹಲ್ಲು ಬಾಗಿತು. ಜಾಲರಿಯ ಮೇಲೆ ಸಾಲಾಗಿ ಇಟ್ಟು, ಮೇಲಿನ ತಟ್ಟಿಗೆ ಸೇರಿಸಿ, ಬೇಗ ಆಗಲಿ ಅಂತ ಗುಂಡಿಯನ್ನು 250ಕ್ಕೆ ತಿರುಗಿಸಿದೆ. ಐದು ನಿಮಿಷ ಬಿಟ್ಟು, ಈಗ ಮೆತ್ತಗಾಗಿರುತ್ತದೆ ಎಂದು ತೆಗೆದು ಚೆನ್ನಾಗಿ ಚುಚ್ಚಿ ಮತ್ತೆ ಇಟ್ಟೆ. ಆಮೇಲೆ ಶುರುವಾಯಿತು ನೋಡಿ ಹೊಗೆ. ಒಂದು ಸಾಸೇಜು ಟಪ್ ಎಂದು ಸೀಳಿತು.

ಮೇಲಿನ ಮನೆಯಲ್ಲಿ ಓನರ್ ಇದ್ದಾರೆ, ಅಪ್ಪಟ ಸಸ್ಯಾಹಾರಿಗಳು. ದೀಪ ಹಚ್ಚುವ ಹೊತ್ತು ಬೇರೆ. ಕೆಳಗಿಳಿದು ಬಂದು 'ಸಾರ್, ವೈರ್ ಏನಾದ್ರೂ ಸುಡ್ತಾ ಇದೆಯಾ?' ಎಂದರು. 'ಹೌದು, ವೈರೇ' ಎಂದೆ. ಇನ್ನೇನು ಹೇಳಲಿ?

ತೆಗೆದು ನೋಡಿದರೆ ಹೊರಗೆ ಸುಟ್ಟ ಬದನೆಕಾಯಿ. ಕೊಯ್ದರೆ ನಡುವೆ ಇನ್ನೂ ತಣ್ಣಗೆ. ಮೊಮ್ಮಗ ನನ್ನ ಮುಖ ನೋಡಿ ಪಾಪ ಏನೂ ಅನ್ನಲಿಲ್ಲ, ಬ್ರೆಡ್ಡಿಗೆ ಜಾಮ್ ಹಚ್ಚಿಕೊಂಡು ತಿಂದ.

ಎಷ್ಟು ಡಿಗ್ರಿ, ಎಷ್ಟು ಹೊತ್ತು? ಚುಚ್ಚಬೇಕಾ, ಬೇಡವಾ? ಬೆಂದಿದೆ ಎಂದು ಹೇಗೆ ಗೊತ್ತಾಗುತ್ತದೆ? ಅವನು ಭಾನುವಾರ ವಾಪಸ್ ಹೊರಡುತ್ತಾನೆ.

ಗೋಕುಲಂ ಗಡಿಬಿಡಿ

ತಾತ, ನಕ್ಕಿದ್ದಕ್ಕೆ ಕ್ಷಮೆ ಇರಲಿ. ಸುಮ್ನೆ ತವಾ ಮೇಲೆ ಹಾಕಿ, ಒಂದು ಚಮಚ ಎಣ್ಣೆ, ಹತ್ತು ನಿಮಿಷ. ಓವನ್ ಯಾಕೆ ಬೇಕು?

ಮದ್ದೂರು ಓವನ್ ಅಕ್ಕ

ಮಗು ಕೇಳಿದ್ದು ಓವನ್ನಿನಲ್ಲಿ ಮಾಡಿದ್ದು ಕಣಪ್ಪಾ, ತವಾದು ಅಲ್ಲ. ಅಮ್ಮ ಮಾಡುವ ರುಚಿ ಬೇಕು ಅದಕ್ಕೆ.

ಸಾರ್, ನಾನು ಮನೆಯಲ್ಲೇ ಕೇಕ್, ಬನ್ ಮಾಡಿ ಮಾರುತ್ತೇನೆ. ಓಟಿಜಿ ಜೊತೆ ಏಳು ವರ್ಷ ಜಗಳ ಆಡಿದ್ದೇನೆ. ನಿಮ್ಮದು ಒಂದು ತಪ್ಪಲ್ಲ, ನಾಲ್ಕು. ಬೇಜಾರಾಗಬೇಡಿ.

ಮೊದಲನೆಯದು ಐಸು. ಹಿಂದಿನ ರಾತ್ರಿಯೇ ಪ್ಯಾಕೆಟ್ಟನ್ನು ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ತಟ್ಟಿಗೆ ಇಳಿಸಿ. ಕೆಳಗೆ ಒಂದು ತಟ್ಟೆ ಇಡಿ, ನೀರು ಬಿಡುತ್ತದೆ. ಮರೆತರೆ ಪ್ಯಾಕೆಟ್ ಒಡೆಯದೆ ತಣ್ಣೀರಿನ ಪಾತ್ರೆಯಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸಿ. ಕಟ್ಟೆ ಮೇಲೆ ಬಿಡಬೇಡಿ. ನಮ್ಮ ಸೆಕೆಗೆ ಹೊರಗೆ ಕೆಡಲು ಶುರುವಾಗಿರುತ್ತದೆ, ಒಳಗೆ ಇನ್ನೂ ಐಸ್ ಇರುತ್ತದೆ. ಕರಗಿದ ಮೇಲೆ ಮತ್ತೆ ಫ್ರೀಜರಿಗೆ ಹಾಕಬಾರದು.

ಎರಡನೆಯದು 250. ಓಟಿಜಿಯಲ್ಲಿ ಮೇಲಿನ ರಾಡು ಸಾಸೇಜಿನಿಂದ ನಾಲ್ಕು ಬೆರಳು ದೂರದಲ್ಲೂ ಇರುವುದಿಲ್ಲ. ನೀವು ಮೇಲಿನ ತಟ್ಟಿಗೆ ಇಟ್ಟಿದ್ದೀರಿ, ಅದು ಬೇಯಿಸಿದ್ದಲ್ಲ, ಸುಟ್ಟಿದ್ದು. ನಡುವಿನ ತಟ್ಟು, 180 ಡಿಗ್ರಿ, ಮೇಲೆ ಕೆಳಗೆ ಎರಡೂ ರಾಡ್ ಆನ್. ಹತ್ತು ನಿಮಿಷ ಖಾಲಿ ಓವನ್ ಕಾಯಿಸಿ, ಆಮೇಲೆ ಒಳಗಿಡಿ. ಹೆಬ್ಬೆರಳು ಗಾತ್ರದ್ದಾದರೆ 20ರಿಂದ 25 ನಿಮಿಷ. ಕಿರುಬೆರಳಿನಷ್ಟು ಸಣ್ಣದಾದರೆ 12ರಿಂದ 15 ಸಾಕು. ಅರ್ಧದಲ್ಲಿ ಒಂದು ಸಲ ಹೊರಳಿಸಿ. ಇಕ್ಕಳದಲ್ಲಿ ಹೊರಳಿಸಿ, ಫೋರ್ಕಿನಲ್ಲಿ ಬೇಡ.

ಮೂರನೆಯದು ಅದೇ ಫೋರ್ಕು. ಚುಚ್ಚಿದರೆ ಒಳಗಿನ ರಸ, ಕೊಬ್ಬು ಎಲ್ಲ ಹೊರಗೆ. ಉಳಿಯುವುದು ಒಣಗಿದ ಬೆಂಡು. ಸಣ್ಣ ಉರಿಯಲ್ಲಿ ನಿಧಾನವಾಗಿ ಬೆಂದರೆ ಅದು ಸಾಮಾನ್ಯವಾಗಿ ಸೀಳುವುದಿಲ್ಲ. ನಿಮ್ಮದು ಸೀಳಿದ್ದು ಚುಚ್ಚಿದ್ದು ಕಡಿಮೆಯಾಗಿ ಅಲ್ಲ, ಬಿಸಿ ಜಾಸ್ತಿಯಾಗಿ.

ನಾಲ್ಕನೆಯದು ಹೊಗೆ. ಬರೀ ಜಾಲರಿಯ ಮೇಲೆ ಇಟ್ಟಿದ್ದೀರಿ ಅಲ್ವಾ, ಕೊಬ್ಬು ನೇರವಾಗಿ ಕೆಳಗಿನ ರಾಡ್ ಮೇಲೆ ತೊಟ್ಟಿಕ್ಕಿದೆ. ಕಾದ ಒಲೆ ಮೇಲೆ ತುಪ್ಪ ಸುರಿದ ಹಾಗೆ. ಟ್ರೇ ಮೇಲೆ ಇಡಿ. ಟ್ರೇಗೆ ಮೊದಲು ಈರುಳ್ಳಿ ದಪ್ಪ ಬಿಲ್ಲೆ, ಆಲೂಗಡ್ಡೆ ತೆಳ್ಳಗೆ ಹೆಚ್ಚಿ ಹರಡಿ, ಚಿಟಿಕೆ ಉಪ್ಪು, ಮೆಣಸಿನಪುಡಿ. ಅದರ ಮೇಲೆ ಸಾಸೇಜ್, ಒಂದಕ್ಕೊಂದು ತಾಗದ ಹಾಗೆ. ಇಳಿದ ಕೊಬ್ಬನ್ನೆಲ್ಲ ಈರುಳ್ಳಿ ಕುಡಿಯುತ್ತದೆ. ನಿಜ ಹೇಳಲಾ, ನಮ್ಮ ಮನೆಯಲ್ಲಿ ಮೊದಲು ಖಾಲಿಯಾಗುವುದು ಆ ಈರುಳ್ಳಿಯೇ.

ಇನ್ನೊಂದು. ಓಟಿಜಿಯನ್ನು ಮಿಕ್ಸಿ ಹಾಕುವ 6 ಆಂಪ್ ಪ್ಲಗ್ಗಿಗೆ ಹಾಕಿಲ್ಲ ತಾನೆ? 1500 ವಾಟಿನದಾದರೆ ಆರೂವರೆ ಆಂಪ್ ಎಳೆಯುತ್ತದೆ. ದಪ್ಪ ಪಿನ್ನಿನ 16 ಆಂಪ್ ಪಾಯಿಂಟೇ ಬೇಕು. ಇಲ್ಲದಿದ್ದರೆ ನೀವು ಓನರಿಗೆ ಹೇಳಿದ ಸುಳ್ಳು ನಿಜವಾಗುತ್ತದೆ.

ಸರಸ್ವತಿಪುರಂ ತಾತ

ಅಕ್ಕಾ, ವಯಸ್ಸಿನಲ್ಲಿ ನಾನೇ ದೊಡ್ಡವನಿರಬಹುದು, ಆದರೂ ಅಕ್ಕ ಎಂದೇ ಕರೆಯುತ್ತೇನೆ. ಪ್ಲಗ್ ನೋಡಿದೆ, 16 ಆಂಪೇ ಇದೆ. ಮಗಳು ಹಾಕಿಸಿದ್ದು.

ಒಂದು ಅನುಮಾನ. ಸುಟ್ಟವುಗಳಲ್ಲಿ ಒಂದರ ತುದಿ ಮಾತ್ರ ಬಿಸಿಬಿಸಿಯಾಗಿ ಬೆಂದಿತ್ತು. ಅದನ್ನು ಕೊಯ್ದರೂ ಒಳಗೆ ನಸುಗೆಂಪು. ಹಾಗಿದ್ದರೆ ಬೆಂದಿಲ್ಲ ಎಂದೇ ಅರ್ಥವಾ?

ಚೆಲುವಾಂಬ ಪಕ್ಕದ ರಸ್ತೆ

ಇದಕ್ಕೆ ನಾನು ಹೇಳುತ್ತೇನೆ. ಓದಿದ್ದು ಫುಡ್ ಟೆಕ್ನಾಲಜಿ. ಸಿಎಫ್‌ಟಿಆರ್‌ಐ ಎಂಬ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಇದೆಯಲ್ಲ, 1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಶುರುವಾಗಿದ್ದು, ಅದರ ಕಾಂಪೌಂಡ್ ನೋಡುತ್ತಲೇ ಬೆಳೆದವನು.

ಬಣ್ಣ ನಂಬಬೇಡಿ. ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ 250 ಎಂಬ ನಂಬರ್ ಇದೆಯಾ ನೋಡಿ. ಅದು ಸೋಡಿಯಂ ನೈಟ್ರೈಟ್. ಕೆಡದಿರಲಿ ಎಂದು ಹಾಕುತ್ತಾರೆ. ಅದು ಬಿದ್ದ ಮಾಂಸ ಪೂರ್ತಿ ಬೆಂದರೂ ನಸುಗೆಂಪಾಗೇ ಇರುತ್ತದೆ. ಮನೆಯಲ್ಲಿ ಕೋಳಿ ಬೇಯಿಸಿದಾಗ ಬೆಳ್ಳಗಾಗುವುದನ್ನು ನೋಡಿ ರೂಢಿಯಾಗಿರುವವರು ಇಲ್ಲಿ ಮೋಸ ಹೋಗುತ್ತಾರೆ. ಮತ್ತೆ ಮತ್ತೆ ಬೇಯಿಸಿ ರಬ್ಬರ್ ಮಾಡುತ್ತಾರೆ.

ಸರಿಯಾದ ದಾರಿ ಎಂದರೆ ಅಡುಗೆಯ ಥರ್ಮಾಮೀಟರ್. ತುದಿಯಿಂದ ಉದ್ದಕ್ಕೆ ನಡುವಿನವರೆಗೆ ತೂರಿಸಿ. ಚಿಕನ್ ಆದರೆ 74 ಡಿಗ್ರಿ, ಹಂದಿಯದಾದರೆ 71 ದಾಟಬೇಕು. ಅದಿಲ್ಲವೆಂದರೆ ಎಲ್ಲಕ್ಕಿಂತ ದಪ್ಪನೆಯದನ್ನು ಒಂದು ಕೊಯ್ದು ನೋಡಿ. ಹಬೆ ಏಳಬೇಕು, ಬೆರಳಿಗೆ ಅಂಟುವ ಹಿಟ್ಟಿನ ಹಾಗಿರಬಾರದು. ಲೇಬಲ್ಲಿನಲ್ಲಿ 'ಪ್ರೀ ಕುಕ್ಡ್' ಎಂದಿದ್ದರೆ ಫ್ಯಾಕ್ಟರಿಯಲ್ಲೇ ಬೆಂದಿರುತ್ತದೆ, ನಿಮ್ಮ ಕೆಲಸ ಒಳಗಿನವರೆಗೆ ಚೆನ್ನಾಗಿ ಬಿಸಿ ಮಾಡುವುದು ಮಾತ್ರ. 'ರಾ' ಎಂದಿದ್ದರೆ ಪೂರ್ತಿ ಬೇಯಿಸಲೇಬೇಕು.

250 ಡಿಗ್ರಿಗೆ ಯಾಕೆ ಹಾಳಾಯಿತು ಎಂದರೆ, ಸಾಸೇಜ್ ಎಂದರೆ ಸುಮ್ನೆ ಕೊಚ್ಚಿದ ಮಾಂಸ ಅಲ್ಲ. ಉಪ್ಪು ಹಾಕಿ ಐಸಿನ ಜೊತೆ ನುಣ್ಣಗೆ ಅರೆಯುತ್ತಾರೆ. ಉಪ್ಪಿಗೆ ಮಾಂಸದ ಪ್ರೊಟೀನ್ ಕರಗಿ ಅಂಟಂಟಾಗಿ, ನೀರನ್ನೂ ಕೊಬ್ಬನ್ನೂ ಹಿಡಿದಿಟ್ಟುಕೊಳ್ಳುತ್ತದೆ. ದಿಢೀರ್ ಬಿಸಿ ಹೊಡೆದರೆ ಪ್ರೊಟೀನ್ ಗಟ್ಟಿಯಾಗಿ ಹಿಂಡಿಕೊಳ್ಳುತ್ತದೆ, ನೀರು ಕೊಬ್ಬು ಬೇರೆಯಾಗುತ್ತವೆ. ಹಾಲು ಒಡೆದ ಹಾಗೆ ಅಂದುಕೊಳ್ಳಿ. ಆ ನೀರು ಹಬೆಯಾಗುತ್ತದೆ, ಹೊರಗಿನ ಸಿಪ್ಪೆ ಕುಗ್ಗುತ್ತದೆ. ಸೀಳದೆ ಇನ್ನೇನು ಮಾಡುತ್ತದೆ?

ಹಬ್ಬಕ್ಕೋ ರಜೆಗೋ ತಿಂದರೆ ಪರವಾಗಿಲ್ಲ, ದಿನಾ ಅಭ್ಯಾಸ ಮಾಡಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಇಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ಅಷ್ಟು ಹೇಳಿ ಸುಮ್ಮನಾಗುತ್ತೇನೆ, ತಾತನ ಖುಷಿಗೆ ನೀರು ಎರಚಲಾರೆ.

ಮಳವಳ್ಳಿ ಬಾಡೂಟ

ಪ್ಯಾಕೆಟ್ಟಿಂದು ಬುಡಿ ಅತ್ಲಾಗೆ. ಕೈಮ ಉಂಡೆ ಗೊತ್ತಲ್ಲ ನಿಮಗೆ? ಅದನ್ನೇ ಉದ್ದಕ್ಕೆ ಹೊಸೆದರೆ ಸಾಸೇಜ್ ಆಯಿತು.

ಅರ್ಧ ಕೆಜಿ ಮಟನ್ ಕೈಮ. ಅಂಗಡಿಯವನಿಗೆ ಹೇಳಿ ಸ್ವಲ್ಪ ಕೊಬ್ಬು ಸೇರಿಸಿಯೇ ಕೊಚ್ಚಿಸಿ, ಬರೀ ಕೆಂಪು ಮಾಂಸ ಆದರೆ ಒಣಗುತ್ತದೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಪುದೀನ, ಎರಡು ಲವಂಗ, ಒಂದು ತುಂಡು ಚಕ್ಕೆ. ಎರಡು ಹಿಡಿ ಹುರಿಗಡಲೆ ಪುಡಿ ಮಾಡಿ ಹಾಕಿ, ಅದೇ ಹಿಡಿತ. ಉಪ್ಪು ಹಾಕಿ ಐದು ನಿಮಿಷ ಚೆನ್ನಾಗಿ ನಾದಿ, ಕೈಗೆ ಅಂಟಬೇಕು. ಅಂಗೈಗೆ ಎಣ್ಣೆ ಹಚ್ಚಿ ಬೆರಳುದ್ದ ಹೊಸೆದು, ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಆಮೇಲೆ ಅಕ್ಕ ಹೇಳಿದ ಹಾಗೆ 180. ಇಪ್ಪತ್ತು ನಿಮಿಷ. ಕರುಳು ಬೇಡ, ಸಿಪ್ಪೆ ಬೇಡ, 250 ನಂಬರೂ ಬೇಡ. ಒಳಗೆ ಏನು ತುಂಬಿದ್ದಾರೆ ಅಂತ ಅಜ್ಜಿಗೂ ಅನುಮಾನ ಇರುವುದಿಲ್ಲ.

ಕುರಿ ನಮ್ಮ ಕಡೆಯದೇ ಸಿಕ್ಕಿದರೆ ಇನ್ನೂ ಒಳ್ಳೇದು. ಮೈಸೂರಿನವರು ಬನ್ನೂರು ಕುರಿ ಬನ್ನೂರು ಕುರಿ ಅಂತೀರಿ. ಬನ್ನೂರು ನಿಮ್ಮ ಟಿ. ನರಸೀಪುರ ತಾಲೂಕು, ಒಪ್ಪಿದೆ. ಕುರಿ ಮಾತ್ರ ನಮ್ಮ ಮಳವಳ್ಳಿ ತಾಲೂಕಿನ ಬಂಡೂರಿನದು. ಇದನ್ನು ಹೇಳೋಕೆ ಒಂದು ಅವಕಾಶ ಸಿಕ್ತು, ಬಿಡಲಿಲ್ಲ.

ಮದ್ದೂರು ಓವನ್ ಅಕ್ಕ

ಮಳವಳ್ಳಿಯಣ್ಣ, ಹುರಿಗಡಲೆ ಹಾಕಿದ್ದು ಓವನ್ನಿನಲ್ಲಿ ಬೇಗ ಒಣಗುತ್ತೆ ಕಣಣ್ಣ. ಮೇಲೆ ಒಂದು ಸಲ ಎಣ್ಣೆ ಸವರಬೇಕು. ಆದರೆ ಸಾರ್, ಈ ಸಲಕ್ಕೆ ಪ್ಯಾಕೆಟ್ಟಿನದೇ ಮಾಡಿ. ಹೊಸ ಓವನ್ನು, ಹೊಸ ಕೈ, ಹೊಸ ಕೈಮ ಮೂರೂ ಒಂದೇ ದಿನ ಬೇಡ.

ಆಮೇಲೆ ಬಣ್ಣ ಸಾಲದು ಅನ್ನಿಸಿದರೆ ಕೊನೆಯ ಮೂರು ನಿಮಿಷ 200ಕ್ಕೆ ಏರಿಸಿ, ಎದುರಿಗೇ ನಿಂತಿರಿ. ಫೋನ್ ಬಂದರೆ ತೆಗೆಯಬೇಡಿ.

ಸರಸ್ವತಿಪುರಂ ತಾತ

ಶನಿವಾರ ನಮ್ಮಲ್ಲಿ ಮಾಂಸ ಮಾಡುವುದಿಲ್ಲ, ಅದಕ್ಕೆ ಶುಕ್ರವಾರವೇ ಮುಗಿಸಿದೆ. ಓನರ್ ಮನೆಯಲ್ಲಿ ದೀಪ ಹಚ್ಚುವ ಹೊತ್ತು ಕಳೆಯಲಿ ಎಂದು ಎಂಟು ಗಂಟೆಯವರೆಗೆ ಕಾದೆ.

ಹೊಸ ಪ್ಯಾಕೆಟ್, ಗುರುವಾರ ರಾತ್ರಿಯೇ ಕೆಳಗಿಳಿಸಿದ್ದೆ. ಹಿಂದೆ ನೋಡಿದರೆ 250 ಇತ್ತು, 'ಪ್ರೀ ಕುಕ್ಡ್' ಅಂತಲೂ ಇತ್ತು. ಭೂತಗನ್ನಡಿ ಬೇಕಾಯಿತು. ಈರುಳ್ಳಿ ಹೆಚ್ಚಿಕೊಟ್ಟಿದ್ದು ನಮ್ಮ ಮನೆಯವರು. 'ನೀವು ಹೆಚ್ಚಿದರೆ ಒಂದು ಬಿಲ್ಲೆ ಬೆಂದು ಇನ್ನೊಂದು ಹಸಿ' ಎಂದು ಚಾಕು ಕಿತ್ತುಕೊಂಡರು. 180, ನಡುವಿನ ತಟ್ಟು, 22 ನಿಮಿಷ. ಹೊಗೆ ಒಂದು ಚೂರೂ ಇಲ್ಲ. ಚುಚ್ಚಲಿಲ್ಲ, ಕೈ ತುರಿಸಿತು, ತಡೆದುಕೊಂಡೆ. ಮೊಮ್ಮಗ ಸ್ಟೂಲ್ ಹಾಕಿಕೊಂಡು ಗಾಜಿನ ಮುಂದೆ ಕೂತು ಟೀವಿ ನೋಡಿದ ಹಾಗೆ ನೋಡಿದ. ಕೊನೆಗೆ ಬುಡದಲ್ಲಿ ಸಣ್ಣಗೆ ಸುಯ್ ಎನ್ನುವ ಸದ್ದು, ಮೇಲೆ ಹೊಂಬಣ್ಣ. ಒಂದೂ ಸೀಳಲಿಲ್ಲ. ಆಲೂಗಡ್ಡೆ ಮಾತ್ರ ಇನ್ನೂ ಸ್ವಲ್ಪ ಕಟಕಟ ಅಂತಿತ್ತು, ಮುಂದಿನ ಸಲ ಹತ್ತು ನಿಮಿಷ ಮೊದಲೇ ಇಡಬೇಕು.

ಬನ್ ತರಲು ಮರೆತಿದ್ದೆ. ಅಕ್ಕಿ ರೊಟ್ಟಿಯಲ್ಲಿ ಸುತ್ತಿ ಕೊಟ್ಟೆವು. 'ಅಮ್ಮಂದಕ್ಕಿಂತ ಚೆನ್ನಾಗಿದೆಯಾ?' ಎಂದು ಕೇಳಿದೆ. 'ಬೇರೆ ಥರ ಚೆನ್ನಾಗಿದೆ' ಎಂದ. ಜಾಣ.

ಅವನು ಮೂರು ತಿಂದ, ನಾನು ಒಂದು. ಐದನೆಯದನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮಲಗಿದೆ. ಬೆಳಿಗ್ಗೆ ಕಾಫಿಗೆ ಹಾಲು ತೆಗೆಯಲು ಹೋದರೆ ಡಬ್ಬಿ ತೊಳೆದು ಬೋರಲು ಹಾಕಿತ್ತು. ಮೊಮ್ಮಗ ಇನ್ನೂ ಎದ್ದಿರಲಿಲ್ಲ.